ಮುದ್ದೆ ಕೊಯ್ಯುವ ದಾರ

ಪುರಸಭೆಯ ಪೇದೆ ಅತ್ತೀಲಿಯೊ ತಪಾಸಣೆಗೆಂದು ಬಾಡಿಗೆ ಮನೆಯೊಳಗೆ ಕಾಲಿಟ್ಟಾಗ, ನಿಲ್ಡಾ ಮೆಕ್ಕೆಜೋಳದ ಬಿಸಿ ಮುದ್ದೆಯನ್ನು ಆಗಷ್ಟೇ ಮಣೆಯ ಮೇಲೆ ಮಗುಚಿದ್ದಳು. ಮುತ್ತಜ್ಜ ಬಿಟ್ಟುಹೋಗಿದ್ದ ಈ ಇಟಲಿಯ ಊರಿಗೆ ಅವಳು ಪೌರತ್ವ ಕೇಳಿಕೊಂಡು ಬ್ರೆಜಿಲ್‌ನಿಂದ ಬಂದಿದ್ದಳು. ಅವಳು ನಿಜವಾಗಿ ಇಲ್ಲೇ ಬಾಳುತ್ತಿದ್ದಾಳೆಂದು ಇವನು ಒಪ್ಪದಿದ್ದರೆ ಅರ್ಜಿಯ ಕಥೆ ಅಲ್ಲಿಗೇ ಮುಗಿಯಿತು.

"ಈ ಮನೇಲಿ ತಿಂಗಳಿಗೊಂದು ಹೊಸ ಮುಖ ನೋಡ್ತೀನಮ್ಮ. ಪಾಸ್‌ಪೋರ್ಟ್ ಸಿಕ್ಕಿದ್ದೇ ತಡ, ಹಕ್ಕಿ ಪುರ್ರ್," ಎಂದ ಅವನು, ಮನೆಯಲ್ಲಿದ್ದ ಒಂಟಿ ಕುರ್ಚಿಯನ್ನೇ ನೋಡುತ್ತ.

"ನಾನು ಹಾರೋಳಲ್ಲ ಸಾರ್," ಎನ್ನುತ್ತ ನಿಲ್ಡಾ, ಇಲ್ಲಿ ಚಾಕುವಿನಲ್ಲೇ ಕೊಯ್ಯುತ್ತಾರೇನೋ ಎಂದುಕೊಂಡು, ಇಲ್ಲಿಯವಳಂತೆ ಕಾಣಲು ಚಾಕು ಎತ್ತಿಕೊಂಡಳು. ಮುದ್ದೆ ಅಲಗಿಗೆ ಅಂಟಿಕೊಂಡು ಕಿತ್ತುಬಂತು. "ಥೂ, ಹಾಳಾದ್ದು!" ಎಂದು ಚಾಕುವನ್ನು ಬದಿಗೆಸೆದು, ಜೇಬಿನಿಂದ ದಾರ ತೆಗೆದು, ಮುದ್ದೆಯಡಿ ತೂರಿಸಿ ಮೇಲಕ್ಕೆಳೆದಳು. ಹೋಳು ನುಣ್ಣಗೆ ವಾಲಿತು.

ಪೇದೆ ಮೆಲ್ಲಗೆ ಟೋಪಿ ತೆಗೆದ. "ಇದನ್ನ ಎಲ್ಲಿ ಕಲಿತೆಯಮ್ಮ?"

"ಕಲಿಯೋದೇನು ಬಂತು? ನಮ್ಮೂರಲ್ಲಿ ಎಲ್ಲರೂ ಹೀಗೇ ಕೊಯ್ಯೋದು. ಇಲ್ಲಿ ಕೊಯ್ಯಲ್ವಾ?"

"ನಮ್ಮಜ್ಜಿ ಕೊಯ್ತಿದ್ಲು. ಅವಳು ಹೋದ್ಮೇಲೆ ನಮ್ಮನೇಲಿ ಬರೀ ಅಂಗಡಿ ಪೊಟ್ಟಣದ ಮುದ್ದೇನೇ."

"ತಪಾಸಣೆ, ಸಾರ್?"

"ಅದು ಮುಗೀತು, ನೀನು ಇಲ್ಲೇ ಬಾಳ್ತಿದ್ದೀಯ ಅಂತ ಬರ್ಕೋತೀನಿ. ಆ ದಾರ ಇಲ್ಲಿ ಕೊಡು, ನಾನೂ ಒಂದ್ಸಲ ನೋಡ್ತೀನಿ."

ದಾರವನ್ನು ಮುದ್ದೆಯ ನೆತ್ತಿಗೆ ಒತ್ತಹೊರಟ ಅವನ ಕೈಯನ್ನು ಅವಳು ಹಿಡಿದು ನಿಲ್ಲಿಸಿದಳು. "ಮೇಲಿಂದ ಅಲ್ಲ ಸಾರ್, ಅಡಿಯಿಂದ."