ಜಗಲಿಯ ದೀಪ

ಮದುವೆಯಾಗಿ ಹೊಳೆದಂಡೆಯ ಮನೆಗೆ ಬಂದ ಎಂಟನೆಯ ದಿನ, ಕತ್ತಲಾಗುತ್ತಲೇ ಜಗಲಿಯಲ್ಲಿ ಹಾವು ಹರಿದುಹೋದದ್ದನ್ನು ಅವಳು ಕಂಡಳು. ಹರಗೋಲಿನಲ್ಲಿ ಮೀನಿಗೆ ಹೋದ ಗಂಡ ಬರಿಗಾಲಲ್ಲಿ ಬರುವವನು. ಒಳಗೆ ಮಾವ ಕಾಲಿನ ಸ್ವಾಧೀನ ತಪ್ಪಿ ಮಲಗಿದ್ದರು.

“ಮಾವಾರ, ಈ ದೀಪಕ್ಕ ಇಷ್ಟ್ಯಾಕ ಹುಳ ಮುತ್ತತಾವರಿ?”

“ಬೆಳಕನ್ನ ಆಕಾಶ ಅಂತ ತಿಳಕೊಂಡು ದಾರಿ ತಪ್ಪತಾವವ್ವ.”

ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು. ಅವಳ ತವರಿನಲ್ಲಿ ಹುಳ ಹೆಚ್ಚಾದರೆ ದೀಪವನ್ನು ಬಣವೆಯಾಚೆ ಇಟ್ಟು ಬರುವುದು ರೂಢಿ. ಇಲ್ಲಿ ಬಣವೆಯಿಲ್ಲ. ಜಗಲಿಯ ಬ್ಯಾಟರಿ ದೀಪವನ್ನೇ ಎತ್ತಿಕೊಂಡು ಓಡಿ, ಹೊಳೆಯಂಚಿನ ಬಂಡೆಗಲ್ಲಿನ ಮೇಲಿಟ್ಟು ಬಂದಳು. ಹುಳವೆಲ್ಲ ಅತ್ತ ಹೋಯಿತು.

“ದೀಪ ಆರಿತೇನವ್ವ?”

“ಇಲ್ರಿ. ಆ ದೊಡ್ಡ ಬಂಡೆಗಲ್ಲಿನ ಮ್ಯಾಲ ಇಟ್ಟು ಬಂದೀನಿ. ಇನ್ನ ಅವರಿಗೆ ಹಾವಿನ ಭಯ ಇಲ್ಲ.”

ಮಾವ ತೆವಳುತ್ತ ಹೊಸ್ತಿಲಿಗೆ ಬಂದರು. “ಅದರ ಬುಡಕ ಸುಳಿ ಐತಿ! ಅಂವ ನಮ್ಮ ದೀಪ ನೋಡಕೊಂತನ ಹರಗೋಲು ಹೊಡಿತಾನ. ಓಡು, ಆರಸು!”

ಅವಳು ಅಂಗಳಕ್ಕೆ ಹಾರುವಷ್ಟರಲ್ಲಿ, ಬಂಡೆಯ ಕಡೆಯಿಂದ ಗಂಡನ ಖುಷಿಯ ಕೂಗು ಕೇಳಿತು.

“ಮನಿ ಬಂತು!”