ಎರಡು ಕ್ಯಾಮೆರಾ ನೋಡಲು ಬಂದವಳು

ಆ ಹೆಂಗಸಿಗೆ ಕ್ಯಾಮೆರಾ ಬೇಕಾಗಿಯೇ ಇಲ್ಲ ಎಂಬ ಸಂಶಯ ರಾಮನಾಥನಿಗೆ ಬಂದದ್ದು ಅವಳು ಮೂರನೆಯ ಸಲ ಅವನ ಫೋಟೋ ಸ್ಟುಡಿಯೋದ ಮೆಟ್ಟಿಲು ಹತ್ತಿದಾಗ.

ಮೊದಲ ಸಲ ಅವನೇ ಉತ್ಸಾಹದಿಂದ ಮಾತಾಡಿಸಿದ್ದ. ಹೊಸ ಕ್ಯಾಮೆರಾ ಕೊಂಡ ಮೇಲೆ ತನ್ನ ಹಳೆಯ ಎರಡು ಡಿಜಿಟಲ್ ಎಸ್‌ಎಲ್‌ಆರ್‌ಗಳಲ್ಲಿ ಒಂದನ್ನು ಮಾರುವುದೆಂದು ಬಾಗಿಲಿಗೆ ಬರೆದು ಹಾಕಿದ್ದ. ಅದನ್ನು ಯಾರೋ ಹೇಳಿದರೆಂದು ಅವಳು ಅಂಕೋಲೆಯಿಂದ ಬಸ್ಸು ಹತ್ತಿ ಕಾರವಾರಕ್ಕೆ ಬಂದಿದ್ದಳು. ಊರು ಅಲ್ಲೇ ಹತ್ತಿರದ ಭಾವಿಕೇರಿ. ಅಕ್ಕನ ಮಗ ವಿನೋದ ಊರಲ್ಲಿ ಫೋಟೋ ಕೆಲಸ ಶುರು ಮಾಡುತ್ತಾನಂತೆ. ಅವನೀಗ ಗೋವೆಯಲ್ಲಿ ಬೋಟಿನ ಮೇಲಿದ್ದಾನೆ; ಹಾಗಾಗಿ ಇವಳೇ ನೋಡಿ ಹೇಳಬೇಕಂತೆ.

"ಎರಡ್ರಲ್ಲಿ ಯಾವ್ದು ಚಲೋ ಅಣ್ಣಾ?"

"ಯಾವ ಕೆಲಸಕ್ಕೆ ಅಂತ ನೋಡ್ಬೇಕು, ತಂಗೀ," ಎಂದು ಅವನು ಎರಡನ್ನೂ ಮೇಜಿನ ಮೇಲಿಟ್ಟ. "ಈ ಕ್ಯಾನನ್ ಓಟದ್ದು. ಕಬಡ್ಡಿ, ಹಕ್ಕಿ, ಸುಗ್ಗಿ ಕುಣಿತ, ಎಂತದೇ ಇರ್ಲಿ, ಒತ್ತಿ ಹಿಡಿದ್ರೆ ಸೆಕೆಂಡಿಗೆ ಐದು ತೆಗೀತದೆ. ಈ ನಿಕಾನ್ ಸ್ವಲ್ಪ ನಿಧಾನ. ಆದ್ರೆ ಈ ಸಣ್ಣ ಲೆನ್ಸು ಹಾಕಿದ್ರೆ ಮನೆಯೊಳಗೆ, ಫ್ಲ್ಯಾಶ್ ಇಲ್ದೇ, ಮೋರೆ ಬರೋ ಚಂದವೇ ಬೇರೆ."

ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸುಲಭವೆಂದು ಕಂಪ್ಯೂಟರ್ ಹಚ್ಚಿದ. ಎರಡರ ಪರೀಕ್ಷೆಯೂ ನಡೆದದ್ದು ಮಗಳು ಭವ್ಯಾಳ ಮೇಲೆ. ಎಷ್ಟೋ ವರ್ಷಗಳ ಹರಕೆಯ ಮೇಲೆ ಮನೆಗೆ ಬಂದ ಒಬ್ಬಳೇ ಮಗಳು. ಈಗ ಶಾಲೆಯಲ್ಲಿ ಒಂದನೇ ಇಯತ್ತೆ. ಕ್ಯಾನನ್ನಿನಲ್ಲಿ ಅವಳು ಸಮುದ್ರದ ದಂಡೆಯ ಮೇಲೆ ಓಡುತ್ತಿದ್ದಳು; ಹಾರಿದ ಮರಳಿನ ಕಣವೂ ನಿಂತಲ್ಲೇ ನಿಂತಿತ್ತು. ನಿಕಾನಿನಲ್ಲಿ ಕಿಟಕಿಯ ಬಳಿ ಚಾಪೆಯ ಮೇಲೆ ಮಲಗಿದ್ದಳು.

"ಇನ್ನೂ ದೊಡ್ಡ ಮಾಡೂಕೆ ಆಗ್ತದ್ಯಾ?" ಎಂದಳು ಹೆಂಗಸು.

ಅವನು ಹೆಮ್ಮೆಯಿಂದ ದೊಡ್ಡದು ಮಾಡಿದ. ಕಣ್ಣಿನ ರೆಪ್ಪೆ ಒಂದೊಂದಾಗಿ ಕಂಡಿತು. ಹೆಂಗಸು ಪರದೆಗೆ ತೀರ ಹತ್ತಿರ ಬಾಗಿದಳು. ಕ್ಯಾಮೆರಾಗಳನ್ನು ಮುಟ್ಟಲಿಲ್ಲ. ಬೆಲೆ ಕೇಳಲಿಲ್ಲ. ವಿನೋದನಿಗೆ ಹೇಳುತ್ತೇನೆಂದು ಹೋದಳು.

ಎರಡನೆಯ ಸಲ ಬಂದಾಗ ಕೇಳಿದ್ದು ವಿಚಿತ್ರವಾಗಿತ್ತು. "ಅಳೂದು ಉಂಟಾ ಅಣ್ಣಾ?"

"ಎಂತಾ?"

"ಅಳೂವಾಗಿನ ಫೋಟೋ. ಯಾವ್ದ್ರಲ್ಲಿ ಚಲೋ ಬಂದದೆ ಅಂತ."

ಹುಡುಕಿದಾಗ ಶಾಲೆಯ ಮೊದಲ ದಿನದ್ದು ಸಿಕ್ಕಿತು. ಭವ್ಯಾ ಬಾಯಿ ಬಿಟ್ಟು ಅಳುತ್ತಿದ್ದಳು, ಮೂಗು ಕೆಂಪಾಗಿತ್ತು. ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಎಷ್ಟೋ ಹೊತ್ತು ನೋಡಿದಳು. ಅಷ್ಟರಲ್ಲಿ ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಇಬ್ಬರು ಕಾದು ಬೇಸತ್ತು ಹೊರಟುಹೋದರು. ರಾಮನಾಥನಿಗೆ ಸಿಟ್ಟು ಬಂತು. ಆದರೆ ಅವಳ ಮುಖ ನೋಡಿದರೆ ಗದರಿಸಲು ಬಾಯಿ ಬರಲಿಲ್ಲ.

ಈಗ ಮೂರನೆಯ ಸಲ. ಅಂಕೋಲೆಯಲ್ಲಿ ಹೊಸದಾಗಿ ಫೋಟೋ ಅಂಗಡಿ ತೆರೆದವರು ಯಾರೋ ಇವಳನ್ನು ಕಳಿಸಿರಬೇಕು, ತನ್ನ ಕೆಲಸದ ಗುಟ್ಟು ತಿಳಿಯಲು. ಹಾಗೆಂದುಕೊಂಡೇ ಅವನು ಎದ್ದು ನಿಂತ.

"ವಿನೋದನ ಫೋನ್ ನಂಬರು ಕೊಡು. ನಾನೇ ಮಾತಾಡ್ತೆ."

"ಅವ್ನ ಹತ್ರ ಫೋನಿಲ್ಲ."

"ಹಂಗಾದ್ರೆ ಅವನೇ ಬರ್ಲಿ. ನೀ ಎಂತಕ್ಕೆ ಸುಮ್ನೆ ಸುತ್ತೂದು?"

ಅವಳು ಬಾಗಿಲ ಕಡೆ ನೋಡಿದಳು, ನೆಲ ನೋಡಿದಳು. ಹೋಗಲಿಲ್ಲ. ಹೊರಗೆ ನಿಲ್ಲಿಸಿದರೆ ಅಲ್ಲೇ ನಿಂತಿರುವವಳಂತೆ ಕಂಡಳು. ಏನು ಮಾಡಬೇಕೆಂದು ರಾಮನಾಥನಿಗೂ ತೋಚಲಿಲ್ಲ.

ಆಗಲೇ ಶಾಲೆ ಬಿಟ್ಟು ಭವ್ಯಾ ಒಳಗೆ ಓಡಿ ಬಂದಳು. "ಪಪ್ಪಾ, ಆಯಿ ಭಾಜಿ ತಕೊಂಡು ಬರ್ತಿದ್ದು!"

ಹೆಂಗಸು ಗೋಡೆಗೆ ಒರಗಿದಳು.

ಸರಿ, ಇವತ್ತೇ ಇತ್ಯರ್ಥವಾಗಲಿ ಎಂದುಕೊಂಡ ರಾಮನಾಥ ಮಗಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ನಿಕಾನನ್ನು ಹೆಂಗಸಿನ ಕೈಯಲ್ಲಿಟ್ಟ. "ನೀನೇ ತೆಗಿ. ಆಮೇಲೆ ಅದರಲ್ಲೂ ತೆಗಿ. ನೋಡಿ ಒಂದು ಹೇಳು, ಮುಗೀತು."

ಅವಳು ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಳು. ಭವ್ಯಾ ನಕ್ಕಳು, ನಗು ಹಿಡಿದು ಹಿಡಿದು ಸಾಕಾಗಿ ನಿಲ್ಲಿಸಿದಳು. ಹೆಂಗಸು ಗುಂಡಿ ಒತ್ತಲೇ ಇಲ್ಲ.

"ಒತ್ತು, ತಂಗೀ."

ಅವಳು ಅಲ್ಲಾಡಲಿಲ್ಲ.

"ಪಪ್ಪಾ, ಇವ್ರಿಗೆ ಬರೂದೇ ಇಲ್ಲ," ಎಂದು ಭವ್ಯಾ ಹತ್ತಿರ ಬಂದಳು. ತನ್ನ ಪುಟ್ಟ ಕೈಯಿಂದ ಹೆಂಗಸಿನ ಬೆರಳು ಹಿಡಿದು ಗುಂಡಿಯ ಮೇಲಿಟ್ಟಳು. "ಇಲ್ಲಿ ಒತ್ಬೇಕು, ಗೊತ್ತಾಯ್ತಾ?"

ಕ್ಯಾಮೆರಾ ಜಾರಿತು. ರಾಮನಾಥ ಹಾರಿ ಹಿಡಿಯದಿದ್ದರೆ ನೆಲ ಸೇರುತ್ತಿತ್ತು. ಬೈಯಲೆಂದು ತಲೆಯೆತ್ತಿ ನೋಡಿದ. ಹೆಂಗಸು ಮಗುವಿನ ಕೈ ಬಿಟ್ಟಿರಲಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು.

ಬಾಗಿಲಲ್ಲಿ ಅವನ ಹೆಂಡತಿ ಜಯಂತಿ ಬಂದು ನಿಂತಳು. ಮೊದಲು ಭಾವಿಕೇರಿ ಕಡೆಯ ಶಾಲೆಯಲ್ಲಿ ಅಕ್ಕೋರಾಗಿದ್ದು, ಈಗ ಕಾರವಾರದಲ್ಲೇ ಕಲಿಸುವ ಅವಳು ದೊಡ್ಡ ದನಿಯಲ್ಲಿ ಮಾತಾಡುವವಳಲ್ಲ. ಒಳಗಿನ ದೃಶ್ಯ ನೋಡಿದವಳೇ ತರಕಾರಿಯ ಚೀಲ ಕೆಳಗಿಟ್ಟಳು, ಮಗಳನ್ನು ಮೆಲ್ಲಗೆ ಬಿಡಿಸಿಕೊಂಡು ಒಳಕೋಣೆಗೆ ಕಳಿಸಿದಳು, ಕೋಣೆಯ ಬಾಗಿಲು ಎಳೆದಳು.

"ಮಂಜೀ," ಎಂದಳು.

ಆ ಹೆಂಗಸಿನ ಹೆಸರನ್ನು ರಾಮನಾಥ ಒಮ್ಮೆಯೂ ಕೇಳಿರಲಿಲ್ಲ.

"ಮಗೂನ ನನ್ನ ಕೈಯಲ್ಲಿ ಇಡೂವಾಗ ಎಂತ ಹೇಳಿದ್ದೆ ನೀನು? ಯಾವತ್ತೂ ಹುಡುಕ್ಕೊಂಡು ಬರೂದಿಲ್ಲ ಅಂದಿದ್ದೆ, ಹೌದಾ ಅಲ್ಲಾ?"

ಮಗುವನ್ನು ಕೊಟ್ಟವಳನ್ನು ರಾಮನಾಥ ಅವತ್ತು ನೋಡಿರಲಿಲ್ಲ; ಜಯಂತಿಯೊಬ್ಬಳೇ ಹೋಗಿ ತಂದಿದ್ದಳು. ಮಂಜಿ ಕೈ ಮುಗಿದಳು.

"ಕರ್ಕಂಡು ಹೋಗೂಕೆ ಬರ್ಲಿಲ್ಲ ಅಕ್ಕೋರೆ. ಅವತ್ತು ಮೋರೆ ನೋಡ್ದೇ ಕೊಟ್ಟಿದ್ದೆ. ನೋಡಿದ್ರೆ ಕೊಡೂಕೆ ಆಗ್ತಿರ್ಲಿಲ್ಲ."