ಮೇಲ್ಬದಿಯ ತೂಕ

ಗುಡ್ಡದ ಓರೆ ಹೊಲದಲ್ಲಿ ಅಡ್ಡಕ್ಕೆ ಉತ್ತರೆ ಟ್ರ್ಯಾಕ್ಟರ್ ಕೆಳಗಡೆಗೆ ಮಗುಚುತ್ತದೆ ಎಂದು ಡ್ರೈವರ್ ದಾಸಯ್ಯ ಇಳಿದು ನಿಂತ. ಹೊಲದೊಡೆಯ ಪುಟ್ಟಮಾದೇಗೌಡರು ನಕ್ಕರು.

"ಹೆದರುಪುಕ್ಕ ಕಣಯ್ಯ ನೀನು. ಮೇಲ್ಗಡೆ ಮಡ್‌ಗಾರ್ಡ್ ಮೇಲೆ ಇಬ್ಬರು ಹೆಂಗಸರನ್ನ ಕೂರಿಸ್ಕೊ. ತೂಕ ಸರಿಹೋಗುತ್ತೆ."

ಕಲ್ಲು ಆಯುತ್ತಿದ್ದ ಕೂಲಿ ಹೆಂಗಸರು ಕೈ ನಿಲ್ಲಿಸಿ ದಾಸಯ್ಯನ ಮುಖ ನೋಡಿದರು.

"ಆದ್ರೂ ಮಗುಚಿದ್ರೆ, ಗೌಡ್ರೆ?" ದಾಸಯ್ಯ ಕೇಳಿದ.

"ಮಗುಚೋಕೆ ಅದೇನು ದೋಸೆಯಾ? ಹತ್ತಯ್ಯ ಸುಮ್ನೆ."

ದಾಸಯ್ಯ ಹತ್ತಿ ಕೂತು ಇಂಜಿನ್ ಸ್ಟಾರ್ಟ್ ಮಾಡಿದ.

"ಈ ಒಣಕಲು ಹೆಂಗಸ್ರು ಇಬ್ರು ಸೇರಿದ್ರೂ ನಿಮ್ಮ ಅರ್ಧ ತೂಗಲ್ಲ. ನೀವೊಬ್ರೇ ಬನ್ನಿ ಗೌಡ್ರೆ, ಸಾಕು."

ಗೌಡರು ಮಡ್‌ಗಾರ್ಡ್ ಹಿಡಿದು ಒಂದು ಕಾಲೆತ್ತಿದರು. ಇಳಿಜಾರಿನ ಕೊನೆಯಲ್ಲಿದ್ದ ಹಳ್ಳ ಕಣ್ಣಿಗೆ ಬಿತ್ತು. ಕಾಲು ಇಳಿಸಿ ಹೆಂಗಸರ ಕಡೆ ತಿರುಗಿದರು.

"ಯಾರ ಮನೇಲಾದ್ರೂ ಎತ್ತು ಬಿಡುವಾಗಿದಾವೇನ್ರಮ್ಮ?"